ಕೊನೆಯ ಸಾಲಿನ ಮಾಲತಿಬಾಯಿ

ನಿನ್ನೆ ಮಧ್ಯಾಹ್ನ ಡಬ್ಬಿ ಬಿಚ್ಚಿ ಇನ್ನೂ ರೊಟ್ಟಿ ಮುರಿದಿರಲಿಲ್ಲ, ರೇಣುಕಾ ಬಂದು ಮೇಜಿನ ಮೇಲೆ ನಾಲ್ಕು ಹಾಳೆ ಇಟ್ಟಳು. ಆಗಷ್ಟೇ ಪ್ರಿಂಟಾದ ಬಿಸಿ ಕಾಗದದ ವಾಸನೆ ಬದನೆಕಾಯಿ ಪಲ್ಯವನ್ನೂ ಮೀರಿ ಮೂಗಿಗೆ ಬಡಿಯಿತು. ರೇಣುಕಾ ಅಬಲೂರಿನ ಹುಡುಗಿ. ನಮ್ಮ ಆಸ್ಪತ್ರೆಯ ಎಲುಬಿನ ವಿಭಾಗದಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದಾಳೆ. ವೈದ್ಯಕೀಯ ಪತ್ರಿಕೆಗೆ ಕಳಿಸಲು ಎರಡು ವರ್ಷ ಕೂತು ಬರೆದ ಲೇಖನವದು. ಮೇಲೆ ಮೊದಲ ಹೆಸರು ನನ್ನದು.

"ಬರ್ದಾಕಿ ನೀನು. ನನ್ನ ಹೆಸರು ಯಾಕ ಮೊದಲು?" ಎಂದೆ.

"ಹಂಗ ಪದ್ಧತಿ ಅಲ್ರಿ ಮೇಡಂ. ನೀವು ವಿಭಾಗದ ಮುಖ್ಯಸ್ಥರು."

ನಿಜ ಹೇಳಲೇ? ಹಿತವೆನಿಸಿತು. ಅಚ್ಚಿನಲ್ಲಿ ಹೆಸರು ನೋಡಿಕೊಳ್ಳುವ ಚಪಲ ನನಗೆ ಮೊದಲಿನಿಂದಲೂ ಇದೆ. ಮಂದಿಯ ಲಗ್ನಪತ್ರಿಕೆಯಲ್ಲೂ ನನ್ನ ಹೆಸರು ಹುಡುಕುವವಳು ನಾನು. ಆ ಹಿತ ನಿಂತದ್ದು ಒಂದೇ ಗಳಿಗೆ. ಮಾಲತಿಬಾಯಿ ನೆನಪಾದರು, ಹಸಿವೆ ಹೋಯಿತು.

ಮಾಲತಿಬಾಯಿ ನನಗಿಂತ ಬಹಳ ಹಿರಿಯ ಡಾಕ್ಟರು. ನಾನು ನೌಕರಿಗೆ ಸೇರಿದಾಗ ಗಂಡಸರೇ ತುಂಬಿದ್ದ ಎಲುಬಿನ ವಿಭಾಗದಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಸುಗ್ಗಿ ಬಂತೆಂದರೆ ಹಾನಗಲ್ಲ, ಹಿರೇಕೆರೂರು, ಸವಣೂರು ಕಡೆಯಿಂದ ಗೋವಿನಜೋಳದ ಕಾಳು ಬಿಡಿಸುವ ರಾಶಿ ಮಷೀನಿಗೆ ಕೈ ಸಿಕ್ಕವರು ಬರುತ್ತಿದ್ದರು. ಶಸ್ತ್ರಚಿಕಿತ್ಸೆ ಮಾಡಿ ಕಳಿಸಿದರೆ ಉಳಿದ ಡಾಕ್ಟರರಿಗೆ ಮುಗಿಯಿತು, ಈಕೆಗೆ ಮುಗಿಯುತ್ತಿರಲಿಲ್ಲ. ರೋಗಿಗಳು ಮತ್ತೆ ತೋರಿಸಲು ಬಂದಾಗಲೆಲ್ಲ ಹಾಳೆಯ ಮೇಲೆ ಕೈ ಊರಿಸಿ, ಸುತ್ತ ಪೆನ್ಸಿಲ್ ಎಳೆದು, ಬೆರಳು ಎಷ್ಟು ಬಿಚ್ಚುತ್ತದೆಂದು ನೋಡಿ, ಕೆಳಗೆ ಹೆಸರು, ಊರು ಬರೆದುಕೊಳ್ಳುತ್ತಿದ್ದರು. ಬಾರದೇ ಉಳಿದವರನ್ನು ಹುಡುಕಿಕೊಂಡು ರವಿವಾರ ತಾವೇ ಬಸ್ಸು ಹತ್ತುತ್ತಿದ್ದರು.

ತಿಳವಳ್ಳಿಗೆ ಒಮ್ಮೆ ನಾನೂ ಹೋಗಿದ್ದೆ. ಅಲ್ಲೊಬ್ಬಾಕೆ ಕಟ್ಟೆಯ ಮೇಲೆ ಕೈ ಚಾಚಿ, "ಬರ್ರಿ ಬಾಯಾರ, ಬೆರಳು ಬಿಚ್ಚೈತಿ ನೋಡ್ರಿ. ಈಗ ರೊಟ್ಟಿ ಬಡೀತೇನಿ" ಎಂದಳು. ಮಾಲತಿಬಾಯಿ ಹಿಗ್ಗಿ ಆ ಒಂದೇ ಕೈಯನ್ನು ಎರಡು ಸಲ ಬರೆದುಕೊಂಡರು. ನಾನು ಮಾಡಿದ ಕೆಲಸವೆಂದರೆ ಆಕೆ ಕೊಟ್ಟ ಚುರಮುರಿ ಖಾಲಿ ಮಾಡಿದ್ದು.

ಆರೇಳು ವರ್ಷ ಬರೆದಿಟ್ಟ ಆ ಕೈಗಳಿಂದಲೇ ಒಂದು ಲೇಖನ ಆಯಿತು. ಇಂಗ್ಲಿಷ್ ತಿದ್ದಿ ಟೈಪು ಮಾಡಿದವಳು ನಾನು. ಆಗಿನ ಮುಖ್ಯಸ್ಥರು ತಮ್ಮ ಹೆಸರು ಮೊದಲು ಹಾಕಿಕೊಂಡು ನನ್ನದನ್ನು ಎರಡನೆಯದಾಗಿ ಬರೆದರು. "ಮಾಲತಿಬಾಯಿ ಅವರ್ದು ಬರೇ ಪೆನ್ಸಿಲ್ ಕೆಲಸ. ಕೊನೀಗೆ ಒಂದು ಸಾಲು ಉಪಕಾರ ಹೇಳಿಬಿಡ್ರಿ, ಸಾಕು" ಎಂದರು. ನನ್ನ ನೌಕರಿ ಕಾಯಂ ಆಗಲು ಒಂದು ಲೇಖನ ಬೇಕಿತ್ತು. ಹೂಂ ಅಂದುಬಿಟ್ಟೆ. ಇಂದಿಗೂ ನಾಚಿಕೆಯಾಗುತ್ತದೆ.

ಪತ್ರಿಕೆ ಬಂದ ದಿನ ಪೇಢೆ ತೆಗೆದುಕೊಂಡು ಅವರ ಕೋಣೆಗೇ ಹೋದೆ, ಎಂಥ ಭಂಡತನ ನೋಡಿ. ಅವರು ಮೂಗಿನ ಮೇಲೆ ಚಾಳೀಸು ಏರಿಸಿ ಕೊನೆಯ ಸಾಲಿನವರೆಗೂ ಓದಿದರು. "ಛಲೋ ಬಂದೈತಿ" ಎಂದು ಪೇಢೆ ಮುರಿದು ಅರ್ಧ ನನಗೇ ಕೊಟ್ಟರು. ನಾನು ತಿಂದೆ.

ರೇಣುಕಾಳ ಹಾಳೆಯಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದೆ. "ಇದರಾಗ ನಾ ಏನು ಮಾಡೇನಿ, ಹೇಳು?"

ಪಾಪ, ಹುಡುಗಿ ಬಹಳ ಹೊತ್ತು ಯೋಚಿಸಿ, "ರಜಾ ಕೊಟ್ಟೀರ್ರಿ" ಎಂದಳು. ಇಬ್ಬರಿಗೂ ನಗು ತಡೆಯಲಿಲ್ಲ.

ಅವಳು ಹೋದ ಮೇಲೆ, ನಿವೃತ್ತಿಯ ನಂತರ ಶಿಗ್ಗಾಂವದಲ್ಲಿರುವ ಮಾಲತಿಬಾಯಿಗೆ ಫೋನು ಮಾಡಿದೆ. "ಮೇಡಂ, ಆ ಕೈಗಳ ಲೇಖನ ನಿಮ್ಮದು. ಅವತ್ತ ನಾ ಬಾಯಿ ಬಿಡ್ಲಿಲ್ಲ. ತಪ್ಪಾತ್ರಿ."

ಹೆದ್ದಾರಿಯ ಬಸ್ಸಿನ ಹಾರ್ನಿನ ನಡುವೆ ಆ ಕಡೆಯಿಂದ ಅವರ ದನಿ ಬಂತು.

"ಸಿಟ್ಟು ಭಾಳ ಬಂದಿತ್ತವಾ. ಪತ್ರಿಕೆಯವ್ರಿಗೆ ಕಾಗದ ಬರ್ದು ಪೋಸ್ಟ್ ಡಬ್ಬಿ ತನಕಾ ಹೋಗಿದ್ದೆ. ಅವ್ರು ಲೇಖನಾನ ತಗದ್ರ ನಿನ್ನ ಹೆಸರೂ ಹೋಗ್ತಿತ್ತು. ಇಡೀ ಪುಸ್ತಕದಾಗ ಹೆಣ್ಣಮಗಳ ಹೆಸರು ಅಂದ್ರ ಅದೊಂದ ಇತ್ತು. ಇರ್ಲಿ ಅಂತ ಕಾಗದ ಹರ್ದು ಮನೀಗೆ ಬಂದೆ."

ನನಗೆ ಅಳು ಬಂತು. "ಈಗ ನಾ ಪತ್ರಿಕೆಯವ್ರಿಗೆ ಬರೀತೇನ್ರಿ ಮೇಡಂ, ನಿಮ್ಮ ಹೆಸರು ಮೊದಲು ಹಾಕ್ರಿ ಅಂತ."

ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ.

"ಲಗೂನ ಬರಿ" ಎಂದರು. "ನಿಂದು ಮಾತ್ರ ತಗಸಬ್ಯಾಡ."