ಹೀರೆಬಳ್ಳಿಯೋ, ಹೂವಿನ ಮರವೋ

ಆ ಕ್ಷೌರಿಕನ ಕತ್ತರಿಯ ಕೀರ್ತಿ ಮೂರು ಲೋಕಕ್ಕೂ ಹಬ್ಬಿತ್ತು. ಸೊಟ್ಟಗಿದ್ದರೆ ಪೊರಕೆಯ ತುದಿಯನ್ನೂ ಅವನು ಸಮ ಮಾಡದೆ ಬಿಟ್ಟವನಲ್ಲ. ವಾರವಿಡೀ ನಿಂತು ಕಾಲು ಊದಿಸಿಕೊಂಡ ಆ ವೀರ ರಜೆಯ ದಿನ ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಅಲ್ಲಿದ್ದ ಅಂಗೈಯಗಲದ ಜಾಗದಲ್ಲಿ ಏನು ನೆಡುವುದೆಂದು ಅವನೇ ತೀರ್ಪು ಕೊಡಬೇಕಿತ್ತು.

“ಹೀರೆಬಳ್ಳಿ ಹಾಕೋಣ ರೀ, ಅಡುಗೆಗಾಗುತ್ತೆ. ನೀವು ವಾರವಾರ ಕುಡಿ ಕತ್ತರಿಸಿದ್ರೆ ಸಾಕು,” ಎಂದಳು ಹೆಂಡತಿ.

“ಬಳ್ಳಿ ನಾಲ್ಕು ದಿನದ ನೆಂಟ ಕಣೇ. ಅಳಿಯಂದ್ರೇ, ಹೂವಿನ ಮರ ನೆಡಿ. ಆಗಾಗ ಕೊಂಬೆ ಸವರ್ತಾ ಇದ್ರೆ ಹಿತ್ತಲಿಗೇ ಕಳೆ ಬರುತ್ತೆ,” ಎಂದರು ಅತ್ತೆ.

“ಕಳೆ ಆಗಲೇ ಮೊಣಕಾಲುದ್ದ ಬಂದಿದೆಯಲ್ಲಮ್ಮಾ!” ಎಂದು ಹೆಂಡತಿ ಹುಲ್ಲು ತೋರಿಸಿ ನಕ್ಕಳು. “ಬೇಗ ಹೇಳ್ರೀ, ಯಾವುದು?”

ಅವನು ನೋಯುವ ಹೆಬ್ಬೆರಳನ್ನು ಒತ್ತಿಕೊಂಡ. “ಆ ಕಳೆನೇ ಇರಲಿ ಬಿಡೇ. ನನ್ನ ಕತ್ತರಿ ಕೇಳದೆ ಬೆಳೀತಿರೋದು ಅದೊಂದೇ.”