ಮಜ್ಜಿಗೆಗೆ ಹಾಕಿದ ಬಾಳೆಹೂವು

ಮೊನ್ನೆ ಪಕ್ಕದ ಮನೆಯಾಕೆ ಅಂಜನಾಪುರದ ತಮ್ಮ ಹೊಲದಿಂದ ಒಂದು ಬಾಳೆಹೂವು ತಂದುಕೊಟ್ಟರು. ಕೆಂಪು ಪಕಳೆ ಬಿಡಿಸಿ ಒಳಗಿನ ಎಳೆ ಹೂಗಳನ್ನು ಹೆಚ್ಚತೊಡಗಿದೆ. ಸೊನೆ ಹತ್ತಿ ಬೆರಳ ತುದಿ ಕಪ್ಪಾಯಿತು. ಆ ಹಸಿ ವಾಸನೆ ಮೂಗಿಗೆ ಬಂದದ್ದೇ ಈಳಿಗೆಮಣೆ ಬದಿಗೆ ಸರಿಸಿದೆ. ನಮ್ಮಕ್ಕ ತೀರಿಕೊಂಡ ಮೇಲೆ ನಾನು ಬಾಳೆಹೂವನ್ನು ಮನೆಯೊಳಗೆ ತಂದಿರಲಿಲ್ಲ...

ಅಕ್ಕನನ್ನು ಸೊರಬಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಭಾವ ಹೋದ ಮೇಲೆ ನಾನೇ ಅವಳನ್ನು ಶಿಕಾರಿಪುರಕ್ಕೆ, ನಮ್ಮ ಮನೆಗೆ ಕರೆತಂದೆ. ಚಿಕ್ಕಂದಿನಲ್ಲಿ ನನಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವಳು ಅವಳು. ನನಗೆ ಮೊಮ್ಮಕ್ಕಳಾದರೂ "ಏ ಹುಡ್ಗಿ" ಎಂದೇ ಕೂಗುತ್ತಿದ್ದಳು. "ಹುಡ್ಗಿಗೆ ಮಂಡಿನೋವು ಬಂದತಿ, ಮೆಲ್ಲಕೆ ಕರೀರಿ" ಎಂದು ನನ್ನ ಗಂಡ ನಗುತ್ತಿದ್ದರು.

ಬಂದ ಮರುವರ್ಷವೇ ಮರೆವು ಶುರುವಾಯಿತು. ಬಚ್ಚಲಿಗೆಂದು ಹೊರಟವಳು ಹಿತ್ತಲಲ್ಲಿ ನಿಂತಿರುತ್ತಿದ್ದಳು. ಶಿವಮೊಗ್ಗದ ಡಾಕ್ಟರು ಇದು ಅಲ್ಜೈಮರ್ಸ್, ಗುಣವಾಗುವ ಕಾಯಿಲೆಯಲ್ಲ ಎಂದರು. ನನಗಿದ್ದದ್ದು ಒಂದೇ ಭಯ. ಅವಳು ಯಾರನ್ನು ಮರೆತರೂ ನನ್ನನ್ನು ಮರೆಯಬಾರದು.

ಆಗಲೇ ಪೇಪರಿನ ಆರೋಗ್ಯ ಪುಟದಲ್ಲಿ ಒಂದು ಲೇಖನ ಓದಿದೆ. ಸೊಪ್ಪು, ಹಣ್ಣು, ಹೂಗಳಲ್ಲಿರುವ ಪಾಲಿಫಿನಾಲ್ ಎಂಬ ಅಂಶಗಳು ಮಿದುಳನ್ನು ಈ ಕಾಯಿಲೆಯಿಂದ ಕಾಪಾಡಬಹುದು, ಇನ್ನೂ ಪರೀಕ್ಷೆಗಳು ನಡೆಯುತ್ತಿವೆ ಎಂದಿತ್ತು. ತಿಂದಾಗ ಬಾಯಿ ಒಗರಾಗುವುದು ಬಹಳ ಸಲ ಇವುಗಳಿಂದಲೇ ಎಂದೂ ಬರೆದಿದ್ದರು. ನಾನು 'ಬಹುದು' ಎಂಬುದನ್ನು ಬಿಟ್ಟು ಒಗರನ್ನು ಹಿಡಿದುಕೊಂಡೆ. ನೇರಳೆಹಣ್ಣು, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆಯ ತಂಬುಳಿ, ಹಾಲು ಸಕ್ಕರೆ ಇಲ್ಲದ ಚಹಾ... ಅಕ್ಕ ಮುಖ ಕಿವುಚಿಕೊಂಡು ನುಂಗುತ್ತಿದ್ದಳು. "ನಿಮ್ಮಕ್ಕನ ನೆನಪು ಏನಾಗ್ತತೋ ಗೊತ್ತಿಲ್ಲ, ನನ್ನ ನಾಲ್ಗಿಗಂತೂ ರುಚಿ ಮರ್ತೋತು" ಎನ್ನುತ್ತಿದ್ದರು ನನ್ನ ಗಂಡ.

ಒಂದು ಬೆಳಿಗ್ಗೆ ಬಾಳೆಹೂವು ತಂದಿಟ್ಟು ಹಿತ್ತಲಿಗೆ ಹೋಗಿದ್ದೆ. ವಾಪಸು ಬಂದರೆ ಅಕ್ಕ ಅಡುಗೆಮನೆಯಲ್ಲಿದ್ದಳು. ಸೀರೆ ಉಡುವುದನ್ನೇ ಮರೆತು ನನ್ನಿಂದ ಉಡಿಸಿಕೊಳ್ಳುತ್ತಿದ್ದವಳು, ಒಂದೊಂದು ಹೂವಿನ ನಡುವಿನ ಗಟ್ಟಿ ಕಡ್ಡಿಯನ್ನು ಕಿತ್ತು, ಸಣ್ಣಗೆ ಹೆಚ್ಚಿ, ಮಜ್ಜಿಗೆ ನೀರಿಗೆ ಹಾಕುತ್ತಿದ್ದಳು. ಒಗರು ಬಿಡಲೆಂದು ನಮ್ಮ ಕಡೆ ಎಲ್ಲರೂ ಹಾಗೆ ಮಾಡುತ್ತಾರೆ. ಬಾಯಲ್ಲಿ ಏನೋ ಗುನುಗುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿ ನೋಡಿ ಬಹಳ ದಿನಗಳಾಗಿದ್ದವು. ಅದೆಲ್ಲ ಈಗ ಕಾಣುತ್ತದೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಮಜ್ಜಿಗೆ ಮಾತ್ರ.

"ಅಯ್ಯೋ, ಒಗರೆಲ್ಲ ಹೋತಲ್ಲಕ್ಕಾ! ಔಷ್ದಿ ಇರೋದೇ ಅದ್ರಾಗೆ!" ಎಂದು ಪಾತ್ರೆಗೆ ಕೈ ಹಾಕಿದೆ.

ಅಕ್ಕ ಪಾತ್ರೆ ಬಿಡಲಿಲ್ಲ. "ಏ ಹುಡ್ಗಿ, ಒಗರು ತೆಗೀದೆ ಯಾರಾರ ಉಣ್ತಾರೇನೆ?" ಎಂದು ನಕ್ಕಳು.

"ನಿಂಗೇನೂ ತಿಳಿಯದಿಲ್ಲ, ಬಿಡು ಅತ್ಲಾಗೆ!" ಎಂದು ಕಿರುಚಿ ಕಸಿದುಕೊಂಡೆ.

ಅವಳು ಗೋಡೆಗೆ ಸರಿದು ನಿಂತಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೇಳದೆ ಪರರ ಮನೆಯೊಳಗೆ ಬಂದವಳ ಹಾಗೆ ನನ್ನನ್ನು ನೋಡಿ, "ತಪ್ಪಾತು ಕಣ್ರೀ... ನಿಮ್ಮನಿ ಅಂತ ಗೊತ್ತಾಗ್ಲಿಲ್ಲ" ಎಂದಳು.

ಒಡಹುಟ್ಟಿದವಳಿಗೆ ನಮ್ಮಲ್ಲಿ ಯಾರೂ ರೀ ಎನ್ನುವುದಿಲ್ಲ.

ಕಾಯಿಲೆಯೇ ಹಾಗೆ, ಇವತ್ತಲ್ಲ ನಾಳೆ ಮರೆಯುತ್ತಿದ್ದರು ಎಂದು ಡಾಕ್ಟರು ಆಮೇಲೆ ಸಮಾಧಾನ ಹೇಳಿದರು. ಇರಬಹುದು. ಆದರೆ ಅವಳ ಕೈಗೆ ಇನ್ನೂ ನೆನಪಿದ್ದ ಒಂದೇ ಕೆಲಸವನ್ನು, ನೆನಪು ಉಳಿಸುತ್ತೇನೆಂದು ನಾನೇ ಕಿತ್ತುಕೊಂಡೆ. ಅಂದಿನಿಂದ ಅವಳು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು "ಒಂಚೂರು ನೀರು ಕೊಡ್ತೀರೇನ್ರೀ?" ಎಂದು ಕೇಳುತ್ತಿದ್ದಳು. ಸಾಯುವವರೆಗೂ ಹಾಗೇ...

ಪಕ್ಕದ ಮನೆಯಾಕೆ ನಮ್ಮ ಬೀದಿಗೆ ಬಂದದ್ದು ಅಕ್ಕನ ಕೊನೆಯ ದಿನಗಳಲ್ಲಿ. ಮೊನ್ನೆ ಬಾಳೆಹೂವು ಕೊಟ್ಟು ಹೊರಡುವಾಗ ಅಕ್ಕನ ಮಾತು ತೆಗೆದರು. "ಎಂಥಾ ದೊಡ್ಡ ಗುಣ ರೀ ನಿಮ್ಮಕ್ಕಂದು! ಸ್ವಂತ ತಂಗಿಗೂ ಮರ್ಯಾದಿ ಕೊಟ್ಟು, ರೀ ಅಂತಲೇ ಮಾತಾಡ್ತಿದ್ರು" ಎಂದರು.

ನಾನು ಅವರ ಮುಖ ನೋಡದೆ, "ಹೌದ್ರೀ" ಎಂದೆ.