ದಿನಾಂಕ ತುಂಬುವ ಸಂಕಪ್ಪ ಮಾವ

ಸಂಕಪ್ಪ ಮಾವ ನನ್ನ ಅಪ್ಪನನ್ನು ಕೊಂದದ್ದು ಮೂಡುಬಿದಿರೆಯ ಒಂದು ಕಾಲೇಜಿನ ಆಫೀಸಿನಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ, ನನ್ನ ಎದುರಿಗೆ. ಗಂಟೆಯ ಬಗ್ಗೆ ನನಗೆ ಖಾತ್ರಿಯಿಲ್ಲ. ನನ್ನ ಎದುರಿಗೆ ಎಂಬುದರ ಬಗ್ಗೆಯೂ ಈಗೀಗ ಅನುಮಾನ ಬರುತ್ತದೆ. ನಾನು ಆಗ ಕಿಟಕಿಯ ಆಚೆ ನೋಡುತ್ತಿದ್ದಿರಬಹುದು. ಇದನ್ನು ಎಷ್ಟೋ ಕಡೆ ಎಷ್ಟೋ ಸಲ ಹೇಳಿದ್ದೇನೆ. ಹೇಳಿದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ಹೇಳುತ್ತ ಹೇಳುತ್ತ ಸೇರಿಕೊಂಡದ್ದು ಎಂದು ಬೇರ್ಪಡಿಸಲು ನನ್ನಿಂದ ಆಗಿಲ್ಲ. ಅಪ್ಪ ಆಗ ಬಂಟ್ವಾಳದ ಹತ್ತಿರ ಹೊಳೆ ಬದಿಯ ಹೆಂಚಿನ ಕಾರ್ಖಾನೆಯಲ್ಲಿ ರೈಟರಾಗಿದ್ದರು, ಮತ್ತು ಆ ಹೊತ್ತಿಗೆ ಬಹುಶಃ ಲಾರಿಗೆ ಹೆಂಚು ಹೇರಿಸುತ್ತಿದ್ದರು ಎಂಬುದು ಮಾತ್ರ ಎಲ್ಲರೂ ಒಪ್ಪುವ ಸಂಗತಿ.

ಮಾವನ ಕೆಲಸ ಅರ್ಜಿ ಬರೆಯುವುದು. ಬೆಳ್ತಂಗಡಿಯ ತಾಲೂಕು ಕಚೇರಿಯ ಎದುರು, ಒಂದು ಹೋಟೆಲಿನ ಜಗಲಿಯಲ್ಲಿ ಅವರ ಮೇಜು. ಎಪ್ಪತ್ತರ ದಶಕದಲ್ಲಿ ಭೂಮಸೂದೆ ಬಂದು ಇಡೀ ತಾಲೂಕೇ ಅರ್ಜಿ ಹಾಕಲು ಹೊರಟಾಗ ಅವರಿಗೆ ಊಟಕ್ಕೆ ಏಳಲೂ ಪುರುಸೊತ್ತಿರಲಿಲ್ಲ. ಗೇಣಿದಾರನ ಅರ್ಜಿಯನ್ನು ಬೆಳಿಗ್ಗೆ ಬರೆದು, ಅದೇ ಜಮೀನಿನ ಧಣಿಯ ತಕರಾರನ್ನು ಮಧ್ಯಾಹ್ನ ಬರೆದು ಕೊಡುತ್ತಿದ್ದರು. ಎರಡರಲ್ಲೂ ತಪ್ಪಿರುತ್ತಿರಲಿಲ್ಲ. ಫಾರಮಿನಲ್ಲಿ ಖಾಲಿ ಜಾಗ ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅಪರಿಚಿತರು ಮನಿಯಾರ್ಡರ್ ಫಾರಮು ತುಂಬುತ್ತಿದ್ದರೆ ಹಿಂದೆ ನಿಂತು, “ಅಲ್ಲಿ ಪೋಸ್ಟಾಫೀಸಿನ ಹೆಸರು ಬಿಟ್ಟಿದ್ದೀರಿ,” ಎನ್ನುತ್ತಿದ್ದರು. ನನಗೆ ಅವರು ಕಲಿಸಿದ ಒಂದೇ ನೀತಿಯೆಂದರೆ ಇದು: “ಖಾಲಿ ಬಿಡಬೇಡ ಮಾರಾಯ. ನೀನು ತುಂಬದಿದ್ದರೆ ಬೇರೆಯವ ತುಂಬುತ್ತಾನೆ. ಅವನಿಗೆ ಬೇಕಾದ ಹಾಗೆ ತುಂಬುತ್ತಾನೆ.”

ಮನೆಯಲ್ಲಿ ನಮ್ಮದು ತುಳು. ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಮಾವನ ಬಾಯಿಗೆ ಅರ್ಜಿಯ ಕನ್ನಡ ಬರುತ್ತಿತ್ತು. ನಾನು ಆಗ ‘ಸದರಿ ನನ್ನ ಅಳಿಯ’ ಆಗುತ್ತಿದ್ದೆ.

ನಮ್ಮದು ಅಳಿಯಕಟ್ಟು, ಎಂದರೆ ಕುಟುಂಬ ತಾಯಿಯ ಕಡೆಯಿಂದ ಲೆಕ್ಕ. ಮಕ್ಕಳಿಗೆ ಯಜಮಾನ ತಾಯಿಯ ಅಣ್ಣ. ಅಪ್ಪ ಮನೆಗೆ ಬೇಕಾದವರು, ಕಾಗದಪತ್ರಕ್ಕೆ ಅಷ್ಟಾಗಿ ಬೇಡದವರು. ಆ ಹೊತ್ತಿಗೆ ಕಾನೂನು ಬದಲಾಗಿತ್ತು. ಹೊಸ ಕಾನೂನಿನ ಪ್ರಕಾರ ಊರಿನವರಿಗೆಲ್ಲ ಅರ್ಜಿ ಬರೆದುಕೊಟ್ಟ ಮಾವ ಸ್ವಂತಕ್ಕೆ ಬದಲಾಗಿರಲಿಲ್ಲ. ಹಾಗಾಗಿ ನನ್ನನ್ನು ಕಾಲೇಜಿಗೆ ಸೇರಿಸಲು ಅವರೇ ಬಂದರು. ಅಪ್ಪನಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ.

ಆಫೀಸಿನ ಗುಮಾಸ್ತರು ಘಟ್ಟದ ಮೇಲಿನವರು, ಶಿವಮೊಗ್ಗದ ಕಡೆಯಿಂದ ಹೊಸದಾಗಿ ಬಂದಿದ್ದರು. ದಾಖಲಾತಿ ಪುಸ್ತಕ ತೆರೆದು, “ತಂದೆ?” ಎಂದು ಕೇಳಿದರು.

“ತಂದೆ ಇಲ್ಲ,” ಎಂದರು ಮಾವ. “ನಾನು ಮಾವ. ಹಕ್ಕು ನನ್ನದು.”

ಬಂದಿಲ್ಲ ಎಂದು ಹೇಳಬೇಕಿತ್ತು. ಇಲ್ಲ ಎಂದರು. ಗುಮಾಸ್ತರು ತಂದೆಯ ಕಾಲಮಿನಲ್ಲಿ ‘ದಿ.’ ಎಂದು ಬರೆದು, ಅಪ್ಪನ ಹೆಸರಿಗೆ ಎಂದು ಸ್ವಲ್ಪ ಜಾಗ ಬಿಟ್ಟು, ನನ್ನ ಪಿಯುಸಿ ಅಂಕಪಟ್ಟಿ ಹುಡುಕತೊಡಗಿದರು. ‘ದಿ.’ ಎಂದರೆ ದಿವಂಗತ. ಆದರೆ ತಾಲೂಕು ಕಚೇರಿಯ ಕನ್ನಡದಲ್ಲಿ ಸತ್ತವರು ‘ಮೃತ’ರು. ಅಲ್ಲಿ ‘ದಿ.’ ಎಂದರೆ ದಿನಾಂಕ, ಬೇರೇನೂ ಅಲ್ಲ. ಮಾವನ ಕಣ್ಣಿಗೆ ಕಂಡದ್ದು ಖಾಲಿ ಬಿಟ್ಟ ದಿನಾಂಕ. ಅವರು ಜೇಬಿನಿಂದ ಪೆನ್ನು ತೆಗೆದು, ‘ದಿ.’ ಮುಂದೆ ಆವತ್ತಿನ ತಾರೀಕನ್ನು ತುಂಬಿದರು.

ಗುಮಾಸ್ತರು ತಿರುಗಿ ನೋಡಿದರು. “ಇವತ್ತೇನಾ?”

“ಇವತ್ತೇ. ನಾಳೆಯದ್ದು ಹಾಕ್ಲಿಕ್ಕೆ ಆಗ್ತದಾ?”

“ಆದರೂ ಬಂದಿರಾ?”

“ಬಾರದೆ ಆಗ್ತದಾ ಸ್ವಾಮಿ. ಇವತ್ತೇ ಕೊನೆಯ ದಿನ ಅಲ್ವಾ.”

ಗುಮಾಸ್ತರು ಎದ್ದು ನಿಂತರು. ಮಾವನೂ ಎದ್ದು ಕೈಮುಗಿದರು. ತಿರುಗಿ ಬರುವಾಗ, ಕಾಲೇಜಿನ ಜನ ಬಹಳ ಮರ್ಯಾದಸ್ಥರು ಎಂದರು. ಈ ಮಾತುಕತೆ ಇಷ್ಟು ಚೊಕ್ಕವಾಗಿ ನಡೆಯಿತೆಂದು ನಾನು ಆಣೆ ಹಾಕಲಾರೆ. ಆದರೆ ಇದರ ಪರಿಣಾಮವನ್ನು ಎರಡೂವರೆ ವರ್ಷ ಅನುಭವಿಸಿದವನು ನಾನು.

ಹಾಸ್ಟೆಲಿನ ಮೊದಲ ದಿನವೇ ವಾರ್ಡನ್ ಹೆಗಲ ಮೇಲೆ ಕೈಯಿಟ್ಟು, ಧೈರ್ಯವಾಗಿರು, ಎಲ್ಲ ಅಭ್ಯಾಸವಾಗುತ್ತದೆ ಎಂದರು. ಊಟದ ವಿಷಯ ಎಂದುಕೊಂಡೆ. ಆಮೇಲೆ ನನ್ನ ತಲೆ ನೋಡಿ, ಕೂದಲು ತೆಗೆಸಲಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಆಗ ಕಿವಿ ಮುಚ್ಚುವಷ್ಟು ಕೂದಲು ಬಿಡುವ ಕಾಲ. ನಮ್ಮ ಮನೆಯಲ್ಲಿ ಯಾರೂ ಆಕ್ಷೇಪ ಮಾಡಲಿಲ್ಲ ಸರ್ ಎಂದೆ. ಒಬ್ಬೊಬ್ಬರಲ್ಲಿ ಒಂದೊಂದು ಕ್ರಮ ಎಂದು ಅವರು ತಲೆಯಾಡಿಸಿದರು.

ನನ್ನನ್ನು ಸುಮ್ಮನೆ ಕೂರಲು ಬಿಡಬಾರದು, ಆ ವಿಷಯ ಎತ್ತಬಾರದು ಎಂದು ಸ್ಟಾಫ್ ರೂಮಿನಲ್ಲಿ ತೀರ್ಮಾನವಾಗಿತ್ತಂತೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನನಗೆ ಕಂಡದ್ದು ಇಷ್ಟೇ: ಕನ್ನಡದ ಮೇಷ್ಟ್ರು ಗೋಡೆಪತ್ರಿಕೆಗೆ ನನ್ನನ್ನೇ ಸಂಪಾದಕ ಮಾಡಿದರು. ಇತಿಹಾಸದವರು ಚರ್ಚಾಸ್ಪರ್ಧೆಗೆ ಪುತ್ತೂರಿಗೆ ಕಳಿಸಿದರು. ಎನ್ನೆಸ್ಸೆಸ್ಸಿನ ಶಿಬಿರದಲ್ಲಿ ನೆರಿಯದ ಕಾಡಿನ ಬದಿಗೆ ರಸ್ತೆ ಮಾಡಲು ಹೋದಾಗ ನಾನೇ ನಾಯಕ. ರಸ್ತೆ ಮುಂದಿನ ಮಳೆಗೆ ಹೋಯಿತು, ನಾಯಕತ್ವ ಉಳಿಯಿತು. ನಾಟಕ, ಕಬಡ್ಡಿ ತಂಡದ ಮ್ಯಾನೇಜರಿಕೆ, ವಾರ್ಷಿಕೋತ್ಸವದ ವಂದನಾರ್ಪಣೆ ಎಲ್ಲ ನನ್ನ ಪಾಲಿಗೆ. ನನ್ನ ಪ್ರತಿಭೆಯನ್ನು ಕಾಲೇಜು ಗುರುತಿಸಿದೆ ಎಂದು ನಾನು ತಿಳಿದೆ. ಕ್ಲಾಸಿಗೆ ಹೋಗಲು ನನಗೆ ಹೊತ್ತೇ ಸಿಗುತ್ತಿರಲಿಲ್ಲ.

ರಜೆ ಬಂದರೆ ಸಿದ್ದಕಟ್ಟೆಯ ಮೇಲೆ ಹೋಗುವ ಬಸ್ಸಿನಲ್ಲಿ ಬಂಟ್ವಾಳದಲ್ಲಿ ಇಳಿದು, ನಡೆದು ನರಿಕೊಂಬಿನ ಮನೆ ಸೇರುತ್ತಿದ್ದೆ. ಮೊದಲ ದಿನ ಮಲಗುವುದು. ಎರಡನೆಯ ದಿನ ಬೆಳಿಗ್ಗೆಯೇ ಬಾಗಿಲಲ್ಲಿ ಮಾವನ ಕೊಡೆ. ಅವರು ಬೆಳ್ತಂಗಡಿಯಿಂದ ಬರಿಗೈಯಲ್ಲಿ ಬಂದದ್ದಿಲ್ಲ. ಕಂಕುಳಲ್ಲಿ ಒಂದು ಕಟ್ಟು ಫಾರಮು ಇರುತ್ತಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ, ಅವರು ಹೇಳಿದಂತೆ ನಾನು ತುಂಬಬೇಕು. ನೆರೆಮನೆಯವರೂ ಕಾಗದ ಹಿಡಿದು ಬರುತ್ತಿದ್ದರು. ಒಂದು ಸಲ ತಾಳ್ಮೆ ತಪ್ಪಿ, ನನಗೆ ರಜೆ ಮಾವ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ರಜೆ ಅಂದರೆ ಖಾಲಿ ಜಾಗ. ತುಂಬಬೇಕು,” ಎಂದರು. ಅಪ್ಪ ಮೂಲೆಯ ಬೆಂಚಿನಲ್ಲಿ ಪೇಪರು ಓದುತ್ತ ಕೂತಿರುತ್ತಿದ್ದರು. ಸಾಯಂಕಾಲ ನಾವಿಬ್ಬರೂ ಹೊಳೆಗೆ ಹೋಗಿ ಏನೂ ಮಾತಾಡದೆ ಮಿಂದು ಬರುತ್ತಿದ್ದೆವು.

ಮೂರನೆಯ ವರ್ಷ, ಕ್ರಿಸ್‌ಮಸ್ ರಜೆಗೆ ಎರಡು ದಿನ ಮೊದಲು, ಪ್ರಿನ್ಸಿಪಾಲರು ಕರೆದರು. ನನ್ನ ಹಾಜರಾತಿ ಪರೀಕ್ಷೆಗೆ ಕೂರುವಷ್ಟಿಲ್ಲ. ಹಾಲ್ ಟಿಕೆಟ್ ಕೊಡಲು ಬರುವುದಿಲ್ಲ. ಒಂದು ವರ್ಷ ಹೋದ ಹಾಗೆಯೇ. ಆಮೇಲೆ ಅವರು ಧ್ವನಿ ತಗ್ಗಿಸಿದರು.

“ನೋಡು, ತಂದೆ ತೀರಿಕೊಂಡ ದಿನವೇ ಅಡ್ಮಿಷನ್‌ಗೆ ಬಂದು ನಿಂತ ಹುಡುಗ ನೀನು. ಅದನ್ನು ನಾವ್ಯಾರೂ ಮರೆತಿಲ್ಲ. ನಿನ್ನ ಮಾವನವರು ಬಂದು ಒಂದು ಕಾಗದ ಬರೆದು ಕೊಡಲಿ. ತಂದೆಯಿಲ್ಲದ ಹುಡುಗ ಎಂದು ಕಾರಣ ತೋರಿಸಿ ಯೂನಿವರ್ಸಿಟಿಗೆ ಶಿಫಾರಸು ಮಾಡುತ್ತೇನೆ.”

ಎರಡೂವರೆ ವರ್ಷ ನನಗೆ ಅರ್ಥವಾಗದೆ ಉಳಿದದ್ದೆಲ್ಲ ಆ ಒಂದು ನಿಮಿಷದಲ್ಲಿ ಅರ್ಥವಾಯಿತು, ನನ್ನ ಪ್ರತಿಭೆಯೂ ಸೇರಿ. ನನ್ನ ತಂದೆ ಬದುಕಿದ್ದಾರೆ ಸರ್ ಎಂದು ಹೇಳಬೇಕಿತ್ತು. ಥ್ಯಾಂಕ್ಸ್ ಸರ್ ಎಂದೆ. ಈ ಭಾಗ ನನಗೆ ಸ್ಪಷ್ಟವಾಗಿ ನೆನಪಿದೆ. ಮರೆಯಲು ಸಾಕಷ್ಟು ಪ್ರಯತ್ನಪಟ್ಟಿದ್ದೇನೆ.

ಮನೆಗೆ ಬಂದು ವಿಷಯ ಹೇಳಿದಾಗ ಅಮ್ಮ ಕರಿಮಣಿ ಹಿಡಿದುಕೊಂಡು ಒಳಗೆ ಹೋದರು. ಅಪ್ಪ ಪೇಪರು ಮಡಚಿದರು.

“ಯಾವತ್ತು ಅಂತ ಬರೆದದ್ದು?”

ಅಡ್ಮಿಷನ್ನಿನ ದಿನ ಎಂದೆ.

“ಅವತ್ತು ನಾನು ಕೆಲಸಕ್ಕೆ ಹೋಗಿದ್ದೆನಲ್ಲ,” ಎಂದು ಅಪ್ಪ ಮತ್ತೆ ಪೇಪರು ಬಿಡಿಸಿದರು.

ಮರುದಿನ ಬಂದ ಮಾವನಿಗೂ ಹೇಳಿದೆ. ಅವರು ಆ ಸಲ ತಂದ ಫಾರಮುಗಳ ಕಟ್ಟು ಎರಡು ದಿನ ದಾರ ಬಿಚ್ಚದೆ ಚಾಪೆಯ ಮೇಲೆ ಇತ್ತು. ತನ್ನ ಕೈಯಿಂದ ತಪ್ಪು ದಿನಾಂಕ ಬಿದ್ದದ್ದು ಅವರಿಗೆ ಇದು ಮೊದಲು. ಬಿದ್ದದ್ದೂ ತಂಗಿಯ ಗಂಡನ ಮೇಲೆ. ಮೂರನೆಯ ದಿನ ಅವರು ಬಸ್ಸಿಗೆ ಹೊರಟಾಗ ನಾನು ದಾರಿಯುದ್ದಕ್ಕೂ ಹಿಂದೆ ಹೋಗಿ ಬೇಡಿಕೊಂಡೆ. ಸುಳ್ಳು ಹೇಳುವುದು ಬೇಡ ಮಾವ, ಕಾಗದದಲ್ಲಿ ಅಪ್ಪನ ವಿಷಯ ಬರೆಯದೆ ಸುಮ್ಮನೆ ಇದ್ದರೆ ಸಾಕು ಎಂದೆ.

“ಸುಮ್ಮನೆ ಇರುವುದಾ? ಖಾಲಿ ಬಿಡುವುದಾ?” ಎಂದರು. ಬಸ್ಸು ಬಂತು. ಹತ್ತಿ ಹೋದರು.

ಜನವರಿಯಲ್ಲಿ ಒಂದು ದಿನ ಅವರು ಕಾಲೇಜಿಗೆ ಬಂದರು. ಇಸ್ತ್ರಿಯ ಅಂಗಿ, ಕೊಡೆ. ನನ್ನನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ, ಪ್ರಿನ್ಸಿಪಾಲರ ಕೋಣೆಯ ಅರ್ಧ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಬಾಗಿಲ ಕೆಳಗಿನಿಂದ ಅವರ ಚಪ್ಪಲಿ ಕಾಣುತ್ತಿತ್ತು. ಒಳಗೆ ಫ್ಯಾನು ಜೋರಾಗಿ ಸದ್ದು ಮಾಡುತ್ತಿತ್ತು. ನನಗೆ ಕೇಳಿಸಿದ್ದು “ಮಾನ್ಯರೇ, ಸದರಿ ನನ್ನ ಅಳಿಯ” ಎಂಬಷ್ಟು. ಆಮೇಲೆ “ತಂಗಿ” ಎಂಬ ಒಂದು ಮಾತು, ಅಥವಾ ನಾನು ಹಾಗೆ ಅಂದುಕೊಂಡದ್ದು. ಅಟೆಂಡರ್ ಏನೋ ದೊಡ್ಡ ಪುಸ್ತಕವೊಂದನ್ನು ಒಳಗೆ ಒಯ್ದು ಕೊಟ್ಟ. ಸ್ವಲ್ಪ ಹೊತ್ತಿಗೆ ಮಾವ ಹೊರಗೆ ಬಂದರು.

“ಆಯಿತು. ಹೋಗುವ.”

“ಎಂತ ಹೇಳಿದಿರಿ ಮಾವ?”

“ನಿನಗೆ ಹಸಿವೆ ಉಂಟಾ ಇಲ್ವಾ?”

ಬಸ್‌ಸ್ಟ್ಯಾಂಡಿನ ಹತ್ತಿರ ಗೋಳಿಬಜೆ ತಿಂದೆವು. ಮಾರ್ಚಿನಲ್ಲಿ ನನಗೆ ಹಾಲ್ ಟಿಕೆಟ್ ಬಂತು. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ.

ಹಾಲ್ ಟಿಕೆಟ್ ಬಂದದ್ದರಿಂದ ಒಳಗೆ ಏನು ನಡೆದಿರಬೇಕೆಂದು ನಾನು ನಿಶ್ಚಯಿಸಿದೆ. ತರ್ಕ ಸರಳವಾಗಿತ್ತು: ಮಾವ ಸುಮ್ಮನಿದ್ದರು, ಅಪ್ಪ ಸತ್ತೇ ಉಳಿದರು, ನಾನು ಪಾಸಾದೆ. ಮೈಸೂರಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಇದನ್ನು ಕತೆ ಮಾಡಿ ಹೇಳುತ್ತಿದ್ದೆ. ಕೆಲಸ ಸಿಕ್ಕಿದ ಮೇಲೆ ಸ್ಟಾಫ್ ರೂಮಿನಲ್ಲಿ, ಗೆಳೆಯರ ಮದುವೆಗಳಲ್ಲಿ ಹೇಳಿದೆ. ‘ನಮ್ಮ ಮಾವ ಜೀವಮಾನದಲ್ಲಿ ಒಂದೇ ಒಂದು ಕಾಲಂ ಖಾಲಿ ಬಿಟ್ಟದ್ದು, ಅದೂ ನನಗೋಸ್ಕರ’ ಎಂಬಲ್ಲಿಗೆ ಕತೆ ಮುಗಿಯುತ್ತಿತ್ತು. ಜನ ನಗುತ್ತಿದ್ದರು. ಅಮ್ಮನಿಗೆ ಅದು ಇಷ್ಟವಿರಲಿಲ್ಲ. ಅಣ್ಣ ಹಾಗೆ ಮಾಡುವವನಲ್ಲ ಎನ್ನುತ್ತಿದ್ದರು. ಅದಕ್ಕೆ ಪುರಾವೆ ಏನು ಎಂದು ನಾನು ಕೇಳುತ್ತಿದ್ದೆ. ಓದಿದವನಲ್ಲವೇ.

ಕಲ್ಲಡ್ಕದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಮಾವ ಎದುರು ಸಾಲಿನಲ್ಲಿ ಕೂತಿರುವಾಗಲೇ, ಯಾರೋ ಒತ್ತಾಯಿಸಿದರೆಂದು ಈ ಕತೆಯನ್ನು ಪೂರ್ತಿ ಹೇಳಿದೆ. ಎಲ್ಲರೂ ನಕ್ಕ ಮೇಲೆ ಮಾವನೂ ಸ್ವಲ್ಪ ನಕ್ಕರು. ಕೈ ತೊಳೆಯುವಲ್ಲಿ ಅವರು ಒಬ್ಬರೇ ಸಿಕ್ಕಿದಾಗ ಕೇಳಿದೆ, ನಿಜವಾಗಿ ಒಳಗೆ ಏನು ಹೇಳಿದ್ದು ಎಂದು.

“ನೀನೇ ಹೇಳ್ತಾ ಇದ್ದಿಯಲ್ಲ. ಚೆಂದ ಉಂಟು,” ಎಂದರು. ಬೈರಾಸಿನಲ್ಲಿ ಕೈ ಒರೆಸಿಕೊಂಡು ಕೊಡೆ ಹುಡುಕಲು ಹೋದರು.

ಅವರನ್ನು ಕೊನೆಯ ಸಲ ನೋಡಿದ್ದು ಬೆಳ್ತಂಗಡಿಯಲ್ಲಿ, ಅವರ ಮನೆಯ ಜಗಲಿಯಲ್ಲಿ. ಕೈ ನಡುಗುತ್ತಿತ್ತು, ಬರೆಯುವುದು ನಿಂತುಹೋಗಿತ್ತು. ರೇಶನ್ ಕಾರ್ಡಿನ ಒಂದು ಫಾರಮು ಮುಂದಿಟ್ಟು, ತುಂಬು ಎಂದರು. ತುಂಬಿದೆ. ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ನೋಡಿದರು. “ತಪ್ಪಿಲ್ಲ,” ಎಂದರು. ನನಗೆ ಸಿಕ್ಕಿದ ಡಿಗ್ರಿಗಳಲ್ಲಿ ಅದನ್ನೂ ಸೇರಿಸಬಹುದು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಅವರು ಹೋದರು. ಉತ್ತರಕ್ರಿಯೆಯ ಕಾಗದ ಅಚ್ಚು ಹಾಕಿಸಲು ಕರಡು ನಾನೇ ಬರೆಯಬೇಕಾಯಿತು. ‘ದಿ.’ ಎಂದು ಬರೆದು ಪೆನ್ನು ನಿಂತಿತು. ಅಪ್ಪ ಪಕ್ಕದಲ್ಲಿ ಕೂತಿದ್ದರು, ಎಪ್ಪತ್ತು ದಾಟಿದವರು, ಗಟ್ಟಿಮುಟ್ಟಾಗಿ. ಕಾಗದದತ್ತ ಬಗ್ಗಿ ನೋಡಿ, “ಖಾಲಿ ಬಿಡಬೇಡ. ಭಾವನಿಗೆ ಆಗುವುದಿಲ್ಲ,” ಎಂದರು.

ಮುಂದಿನ ವಾರ ನಾನು ಮೂಡುಬಿದಿರೆಗೆ ಹೋದೆ. ಆ ಗುಮಾಸ್ತರು ವರ್ಗವಾಗಿ ಹೋಗಿದ್ದರು. ಪ್ರಿನ್ಸಿಪಾಲರು ನಿವೃತ್ತರಾಗಿ ತೀರಿಕೊಂಡಿದ್ದರು. ಹಳೆಯ ವಿದ್ಯಾರ್ಥಿ ಎಂದು ಹೇಳಿ, ನನ್ನ ವರ್ಷದ ದಾಖಲಾತಿ ಪುಸ್ತಕ ತೆಗೆಸಿ ನೋಡಿದೆ. ಅಟೆಂಡರ್ ಆವತ್ತು ಒಳಗೆ ಒಯ್ದ ದೊಡ್ಡ ಪುಸ್ತಕ ಅದೇ ಇರಬೇಕು, ಇದು ಊಹೆ. ಊಹೆಯಲ್ಲದ್ದು ಇಷ್ಟು: ನನ್ನ ಹೆಸರಿನ ಸಾಲಿನಲ್ಲಿ, ತಂದೆಯ ಕಾಲಮಿನಲ್ಲಿ, ‘ದಿ.’ ಮತ್ತು ಅದರ ಮುಂದಿನ ತಾರೀಕಿನ ಮೇಲೆ ಒಂದು ನೇರವಾದ ಗೆರೆ ಎಳೆದಿದೆ. ಪಕ್ಕದಲ್ಲಿ ಮಾವನ ಅಕ್ಷರದಲ್ಲಿ, “ನನ್ನ ತಪ್ಪಿನಿಂದ ಆದದ್ದು. ಸದರಿ ಭಾವನವರು ಬದುಕಿದ್ದಾರೆ.” ಅದರ ಕೆಳಗೆ ಪ್ರಿನ್ಸಿಪಾಲರ ಹಸಿರು ಶಾಯಿಯ ಸಹಿ, ಅದರ ಕೆಳಗೆ ಮಾವನ ಸಹಿ. ಸಹಿಯ ಕೆಳಗೆ ‘ದಿ.’ ಎಂದು ಬರೆದು ತಾರೀಕು ತುಂಬಿದ್ದಾರೆ. ಜನವರಿ ತಿಂಗಳದ್ದು, ನನ್ನ ಹಾಲ್ ಟಿಕೆಟಿಗಿಂತ ಎರಡು ತಿಂಗಳು ಮೊದಲಿನದ್ದು.